ದೇಹ ತಾನೇ ತಯಾರಿಸಲಾಗದ ಎರಡು ಕೊಬ್ಬುಗಳು: ದಿನದ ಊಟಕ್ಕೆ ಸೇರಿಸಿಕೊಳ್ಳುವುದು ಹೇಗೆ?

ಓದುವ ಮುಂಚೆ ಒಂದು ಕೆಲಸ ಮಾಡಿ. ಅಡುಗೆಮನೆಗೆ ಹೋಗಿ ಎಣ್ಣೆ ಬಾಟಲಿ ಎತ್ತಿಕೊಂಡು ಬನ್ನಿ. ಅದು ಯಾವ ಬೀಜದ ಎಣ್ಣೆ, ಹಿಂಬದಿಯ ಪಟ್ಟಿಯಲ್ಲಿ ಏನು ಬರೆದಿದೆ, ಪ್ಯಾಕ್ ಮಾಡಿದ ದಿನ ಯಾವುದು, ಇಷ್ಟು ನೋಡಿ ಪಕ್ಕಕ್ಕೆ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕೊಬ್ಬು ಅಂದ ಕೂಡಲೇ "ಕಡಿಮೆ ಮಾಡಿ" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಆ ಗದ್ದಲದಲ್ಲಿ ಒಂದು ಸಂಗತಿ ಮರೆತೇ ಹೋಗುತ್ತದೆ. ನಮ್ಮ ದೇಹ ಸಕ್ಕರೆ, ಪಿಷ್ಟಗಳಿಂದಲೂ ಕೊಬ್ಬು ಮಾಡಿಕೊಳ್ಳುತ್ತದೆ. ಕೊಬ್ಬನ್ನು ಕಟ್ಟುವ ಇಟ್ಟಿಗೆಗಳಿಗೆ ಕೊಬ್ಬಿನಾಮ್ಲ ಅನ್ನುತ್ತಾರೆ. ಆದರೆ ಎರಡೇ ಎರಡು ಕೊಬ್ಬಿನಾಮ್ಲಗಳನ್ನು ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಒಂದು ಲಿನೋಲಿಯಿಕ್ ಆಮ್ಲ, ಇದು ಒಮೆಗಾ-6 ಗುಂಪಿನದು. ಇನ್ನೊಂದು ಆಲ್ಫಾ-ಲಿನೋಲೆನಿಕ್ ಆಮ್ಲ, ಚಿಕ್ಕದಾಗಿ ಎಎಲ್‌ಎ, ಇದು ಒಮೆಗಾ-3 ಗುಂಪಿನದು. ಗಿಡಗಳಿಗೆ ಇವನ್ನು ಮಾಡುವ ಕಿಣ್ವಗಳಿವೆ, ನಮಗಿಲ್ಲ. ಅದಕ್ಕೇ ಇವಕ್ಕೆ ಅಗತ್ಯ ಕೊಬ್ಬಿನಾಮ್ಲಗಳು ಅನ್ನುತ್ತಾರೆ. ಊಟದಿಂದ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದನ್ನು ಕಂಡುಹಿಡಿದವರು ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ಎಂಬ ಗಂಡ ಹೆಂಡತಿ. 1929ರಲ್ಲಿ ಅವರು ಇಲಿಗಳಿಗೆ ಕೊಬ್ಬು ಒಂಚೂರೂ ಇಲ್ಲದ ಆಹಾರ ಕೊಟ್ಟು ನೋಡಿದರು. ಉಳಿದ ಪೋಷಕಾಂಶಗಳೆಲ್ಲ ಸಾಕಷ್ಟು ಇದ್ದವು. ಆದರೂ ಮರಿಗಳ ಬೆಳವಣಿಗೆ ನಿಂತಿತು, ಬಾಲದ ಚರ್ಮ ಮೀನಿನ ಹುರುಪೆಯ ಹಾಗೆ ಆಯಿತು, ಮೂತ್ರಪಿಂಡ ಕೆಟ್ಟಿತು. ಸ್ವಲ್ಪವೇ ಸ್ವಲ್ಪ ಕೊಬ್ಬಿನಾಮ್ಲ ಸೇರಿಸಿದಾಗ ಇಲಿಗಳು ಚೇತರಿಸಿಕೊಂಡವು. ಕೊಬ್ಬು ಬರೀ ಉರುವಲು ಎಂದು ನಂಬಿದ್ದ ಕಾಲ ಅದು. ಆ ನಂಬಿಕೆ ಅಲ್ಲಿಗೆ ಮುರಿಯಿತು.

ಆದರೂ ಒಮೆಗಾ-3 ಮನುಷ್ಯರಿಗೆ ಬೇಕೇ ಬೇಕಾ ಎಂಬ ಅನುಮಾನ ಬಹಳ ವರ್ಷ ಉಳಿದಿತ್ತು. 1982ರಲ್ಲಿ ಒಂದು ವರದಿ ಬಂತು. 6 ವರ್ಷದ ಒಬ್ಬ ಹುಡುಗಿಯ ಕರುಳಿನ ಹೆಚ್ಚಿನ ಭಾಗ ಹೋಗಿತ್ತು. ಆಹಾರವನ್ನೆಲ್ಲ ರಕ್ತನಾಳದ ಮೂಲಕವೇ ಕೊಡುತ್ತಿದ್ದರು. ಅದರಲ್ಲಿದ್ದ ಕೊಬ್ಬು ಕುಸುಬೆ ಎಣ್ಣೆಯದು, ಅಂದರೆ ಒಮೆಗಾ-6 ತುಂಬಾ, ಒಮೆಗಾ-3 ಇಲ್ಲವೇ ಇಲ್ಲ ಅನ್ನುವಷ್ಟು. ಕೆಲವು ತಿಂಗಳಲ್ಲಿ ಮಗುವಿಗೆ ಜೋಮು ಹಿಡಿಯತೊಡಗಿತು, ನಡೆಯಲು ಆಗಲಿಲ್ಲ, ಕಣ್ಣು ಮಂಜಾಯಿತು. ಸೋಯಾ ಎಣ್ಣೆಯ ಕೊಬ್ಬಿಗೆ ಬದಲಾಯಿಸಿದ ಮೇಲೆ ಆ ತೊಂದರೆಗಳು ಹೋದವು. ಸೋಯಾದಲ್ಲಿ ಎಎಲ್‌ಎ ಇದೆ. ಒಮೆಗಾ-3 ಬಗ್ಗೆ ಯಾರಾದರೂ "ಅದೆಲ್ಲ ಮಾರುವವರ ಮಾತು" ಅಂದರೆ ನನಗೆ ಈ ಮಗು ನೆನಪಾಗುತ್ತದೆ.

ಎಷ್ಟು ಬೇಕು?

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ಲೆಕ್ಕ ಹೀಗಿದೆ. 19ರಿಂದ 50 ವರ್ಷದ ಗಂಡಸರಿಗೆ ದಿನಕ್ಕೆ 17 ಗ್ರಾಂ ಲಿನೋಲಿಯಿಕ್ ಆಮ್ಲ, ಹೆಂಗಸರಿಗೆ 12 ಗ್ರಾಂ. ಎಎಲ್‌ಎ ಗಂಡಸರಿಗೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ. ಬಸುರಿಯರಿಗೆ 1.4 ಗ್ರಾಂ, ಹಾಲೂಡಿಸುವ ತಾಯಂದಿರಿಗೆ 1.3 ಗ್ರಾಂ. ಇವು ಆರೋಗ್ಯವಂತರು ಸಾಮಾನ್ಯವಾಗಿ ತಿನ್ನುವ ಪ್ರಮಾಣವನ್ನು ನೋಡಿ ಹಾಕಿದ ಅಂದಾಜುಗಳು. ಸ್ವಲ್ಪ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಮೆಗಾ-3 ಬೇಕಾಗಿರುವುದು ಎಷ್ಟು ಕಡಿಮೆ ಅಲ್ವಾ? ಒಂದೂವರೆ ಗ್ರಾಂ. ಆದರೂ ಅದೇ ತಪ್ಪಿಹೋಗುವುದು ಜಾಸ್ತಿ. ಒಮೆಗಾ-6 ನಾವು ಕರೆಯದಿದ್ದರೂ ತಟ್ಟೆಗೆ ಬರುತ್ತದೆ, ಒಮೆಗಾ-3 ಮಾತ್ರ ನಾವೇ ಹುಡುಕಿ ತರಬೇಕು.

ಹೆಜ್ಜೆ 1: ಬಾಟಲಿಯನ್ನು ಓದಿ

ಈಗ ಆ ಬಾಟಲಿ ತೆಗೆದುಕೊಳ್ಳಿ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು ಶೇ 60ರಷ್ಟು ಲಿನೋಲಿಯಿಕ್ ಆಮ್ಲ ಇರುತ್ತದೆ. ಕುಸುಬೆಯಲ್ಲಿ ಶೇ 70ರ ಮೇಲೆ. ಮೆಕ್ಕೆಜೋಳ ಮತ್ತು ಸೋಯಾ ಎಣ್ಣೆಯಲ್ಲಿ ಅರ್ಧದಷ್ಟು, ಎಳ್ಳೆಣ್ಣೆಯಲ್ಲಿ ಶೇ 40ರ ಆಸುಪಾಸು, ಕಡಲೆಕಾಯಿ ಎಣ್ಣೆಯಲ್ಲಿ ಮೂರನೇ ಒಂದು ಪಾಲು. ಆಲಿವ್ ಮತ್ತು ತಾಳೆ ಎಣ್ಣೆಯಲ್ಲಿ ಶೇ 10ರಷ್ಟು. ತೆಂಗಿನೆಣ್ಣೆ, ಬೆಣ್ಣೆ, ತುಪ್ಪದಲ್ಲಿ ಶೇ 2-3 ಮಾತ್ರ.

ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆ ಅಂದರೆ ಸುಮಾರು 14 ಗ್ರಾಂ. ಅದರಲ್ಲೇ 8 ಗ್ರಾಂ ಲಿನೋಲಿಯಿಕ್ ಆಮ್ಲ ಬಂತು. ಕಾಳು, ಬೀಜ, ಧಾನ್ಯ, ಮೊಟ್ಟೆಗಳಿಂದ ಇನ್ನಷ್ಟು ಸೇರುತ್ತದೆ. ಬೀಜದ ಎಣ್ಣೆ ಬಳಸುವ ಮನೆಯಲ್ಲಿ ಒಮೆಗಾ-6 ಸಾಲುತ್ತಾ ಎಂದು ಚಿಂತಿಸುವ ಅಗತ್ಯವೇ ಇಲ್ಲ.

ಬಾಟಲಿಯ ಮೇಲೆ "ಹೈ ಓಲಿಯಿಕ್" ಅಂತ ಬರೆದಿದ್ದರೆ ಲೆಕ್ಕ ಬದಲಾಗುತ್ತದೆ. ಹೆಸರು ಅದೇ ಸೂರ್ಯಕಾಂತಿ ಅಥವಾ ಕುಸುಬೆ, ಆದರೆ ತಳಿ ಬೇರೆ. ಅದರಲ್ಲಿ ದೇಹ ತಾನೇ ಮಾಡಿಕೊಳ್ಳಬಲ್ಲ ಓಲಿಯಿಕ್ ಆಮ್ಲ ಹೆಚ್ಚು, ಲಿನೋಲಿಯಿಕ್ ತುಂಬಾ ಕಡಿಮೆ. ಎಣ್ಣೆ ಕೆಟ್ಟದ್ದೇನಲ್ಲ, ಕಾಯಿಸಿದರೆ ಚೆನ್ನಾಗಿಯೇ ತಡೆಯುತ್ತದೆ. ಅಗತ್ಯ ಕೊಬ್ಬಿನಾಮ್ಲ ಅದರಿಂದ ಬರುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ.

ಇನ್ನು ಎಎಲ್‌ಎ. ಮೇಲಿನ ಪಟ್ಟಿಯಲ್ಲಿ ಸೋಯಾ ಎಣ್ಣೆ ಒಂದರಲ್ಲೇ ಅದು ಗಣನೀಯವಾಗಿ ಇರುವುದು, ಸುಮಾರು ಶೇ 7. ಕನೋಲಾ ಎಣ್ಣೆಯಲ್ಲಿ ಶೇ 9ರಷ್ಟಿದೆ. ಸೂರ್ಯಕಾಂತಿ, ಕುಸುಬೆ, ಕಡಲೆಕಾಯಿ, ಎಳ್ಳು, ಇವುಗಳಲ್ಲಿ ಇಲ್ಲ ಅಂದರೂ ತಪ್ಪಿಲ್ಲ.

ಇಲ್ಲಿ ಒಂದು ಭಯದ ಬಗ್ಗೆ ಹೇಳಬೇಕು. "ಒಮೆಗಾ-6 ವಿಷ, ಉರಿಯೂತ ತರುತ್ತದೆ, ಬೀಜದ ಎಣ್ಣೆ ಬಿಟ್ಟುಬಿಡಿ" ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ನಾನು ಇದನ್ನು ಒಪ್ಪುವುದಿಲ್ಲ. ಬೆಣ್ಣೆ, ತುಪ್ಪ, ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬಿನ ಜಾಗದಲ್ಲಿ ಲಿನೋಲಿಯಿಕ್ ಆಮ್ಲ ಬಂದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಇಳಿಯುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2009ರಲ್ಲೇ ಇದರ ಬಗ್ಗೆ ಸಲಹೆ ಕೊಟ್ಟಿತು. ದಿನದ ಕ್ಯಾಲೊರಿಯಲ್ಲಿ ಶೇ 5ರಿಂದ 10 ಒಮೆಗಾ-6ನಿಂದ ಬರಲಿ, ಕಡಿಮೆ ಮಾಡಿದರೆ ಹೃದಯಕ್ಕೆ ಲಾಭಕ್ಕಿಂತ ನಷ್ಟವೇ ಆಗಬಹುದು ಅಂತ. ಎರಡೂ ಗುಂಪುಗಳು ಒಂದೇ ಕಿಣ್ವಕ್ಕಾಗಿ ಪೈಪೋಟಿ ಮಾಡುತ್ತವೆ ಎಂಬುದೇನೋ ನಿಜ. ಅದಕ್ಕೆ ಪರಿಹಾರ ಒಮೆಗಾ-3 ಜಾಸ್ತಿ ಮಾಡಿಕೊಳ್ಳುವುದು. ಅನುಪಾತ ಲೆಕ್ಕ ಹಾಕುತ್ತಾ ಊಟಕ್ಕೆ ಕೂತರೆ ಊಟದ ಸುಖವೂ ಹೋಗುತ್ತದೆ, ಲಾಭವೂ ಇಲ್ಲ.

ಹೆಜ್ಜೆ 2: ದಿನಕ್ಕೊಂದು ಚಮಚ ಅಗಸೆ ಪುಡಿ

ಈ ಲೇಖನದಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳುವುದಾದರೆ ಇದನ್ನೇ ತೆಗೆದುಕೊಳ್ಳಿ. ಒಂದು ದೊಡ್ಡ ಚಮಚ ಅಗಸೆ ಪುಡಿ ಅಂದರೆ ಸುಮಾರು 7 ಗ್ರಾಂ. ಅದರಲ್ಲಿ ಸುಮಾರು 1.6 ಗ್ರಾಂ ಎಎಲ್‌ಎ ಇದೆ. ಇಡೀ ದಿನದ ಪಾಲು ಮುಗಿಯಿತು.

ಪುಡಿ ಎಂಬ ಮಾತಿಗೆ ಒತ್ತು ಕೊಡಿ. ನಾನು ಶುರುವಿನಲ್ಲಿ ಇಡೀ ಕಾಳನ್ನೇ ಮೊಸರಿಗೆ ಹಾಕಿಕೊಂಡು ತಿನ್ನುತ್ತಿದ್ದೆ. ಅಗಸೆಯ ಸಿಪ್ಪೆ ನುಣುಪು, ಗಟ್ಟಿ. ಹಲ್ಲಿಗೆ ಸಿಗದೆ ಜಾರುತ್ತದೆ. ಜಾರಿದ ಕಾಳು ಹೊಟ್ಟೆ, ಕರುಳು ಎಲ್ಲ ದಾಟಿ ಹಾಗೇ ಹೊರಗೆ ಹೋಗುತ್ತದೆ. ಒಳಗಿನ ಎಣ್ಣೆ ನಮಗೆ ದಕ್ಕುವುದೇ ಇಲ್ಲ. ಅದು ಗೊತ್ತಾದ ದಿನದಿಂದ ಪುಡಿ ಮಾಡಿಯೇ ತಿನ್ನುವುದು.

ಪುಡಿ ಮಾಡುವ ಬಗೆ ಹೀಗೆ. ಮಿಕ್ಸಿಯ ಚಿಕ್ಕ ಜಾರ್ ಪೂರ್ತಿ ಒಣಗಿರಲಿ. ಅರ್ಧ ಜಾರ್‌ಗಿಂತ ಕಡಿಮೆ ಕಾಳು ಹಾಕಿ. ಒಂದೇ ಸಮನೆ ತಿರುಗಿಸಬೇಡಿ, ಎರಡು ಮೂರು ಸೆಕೆಂಡು ತಿರುಗಿಸಿ ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ತಿರುಗಿಸಿ. ನಾಲ್ಕೈದು ಸಲಕ್ಕೆ ರವೆಗಿಂತ ನುಣ್ಣಗೆ, ಸ್ವಲ್ಪ ಉದುರುದುರಾಗಿ ಬರುತ್ತದೆ. ಜಾಸ್ತಿ ಹೊತ್ತು ತಿರುಗಿಸಿದರೆ ಜಾರ್ ಬಿಸಿಯಾಗುತ್ತದೆ, ಎಣ್ಣೆ ಬಿಟ್ಟು ಪುಡಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡಿತು ಅಂದರೆ ಹದ ದಾಟಿತು ಎಂದೇ ಅರ್ಥ. ಒಂದು ವಾರಕ್ಕೆ ಆಗುವಷ್ಟೇ ಮಾಡಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಇಡೀ ಕಾಳಾದರೆ ಹೊರಗೂ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಸಿಪ್ಪೆಯೇ ಅದಕ್ಕೆ ಕಾವಲು.

ಮೊದಲ ವಾರ ಅರ್ಧ ಚಮಚ ಸಾಕು. ಅಗಸೆಯಲ್ಲಿ ನಾರು ಜಾಸ್ತಿ, ಒಮ್ಮೆಲೇ ತಿಂದರೆ ಹೊಟ್ಟೆ ಉಬ್ಬುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಮಾತ್ರೆ ತೆಗೆದುಕೊಳ್ಳುವವರು ಮಾತ್ರೆಗೂ ಅಗಸೆಗೂ ಒಂದೆರಡು ಗಂಟೆ ಅಂತರ ಇಡಿ, ಅದರ ಲೋಳೆ ಔಷಧಿ ಹೀರುವುದನ್ನು ತಡಮಾಡಬಹುದು. ಒಳ್ಳೆಯದು ಎಂದು ಮುಷ್ಟಿಗಟ್ಟಲೆ ಹಸಿ ಅಗಸೆ ತಿನ್ನುವುದು ಬೇಡ. ಅದರಲ್ಲಿ ಸಯನೈಡ್ ಬಿಡುವ ಅಂಶಗಳು ಸಣ್ಣ ಪ್ರಮಾಣದಲ್ಲಿ ಇವೆ. ದೊಡ್ಡವರಿಗೆ ಒಂದೆರಡು ಚಮಚಕ್ಕೆ ಏನೂ ತೊಂದರೆಯಿಲ್ಲ. ಬಸುರಿಯರು ವೈದ್ಯರನ್ನು ಒಂದು ಮಾತು ಕೇಳಿ ಶುರು ಮಾಡಿ.

ಅಗಸೆಯ ರುಚಿ ಹಿಡಿಸದವರಿಗೆ ಆಕ್ರೋಟು ಇದೆ. 28 ಗ್ರಾಂ, ಅಂದರೆ ಏಳು ಇಡೀ ಕಾಯಿಯ ತಿರುಳು, 2.6 ಗ್ರಾಂ ಎಎಲ್‌ಎ ಕೊಡುತ್ತದೆ. ಜತೆಗೆ ಸುಮಾರು 11 ಗ್ರಾಂ ಲಿನೋಲಿಯಿಕ್ ಆಮ್ಲವನ್ನೂ ಕೊಡುತ್ತದೆ. ಎಣ್ಣೆ ಪೂರ್ತಿ ಬಿಟ್ಟವರು ದಿನಾ ಒಂದು ಹಿಡಿ ಆಕ್ರೋಟು ತಿಂದರೂ ಎರಡೂ ಕಡೆಯ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಚಿಯಾ ಬೀಜದಲ್ಲಿ ಇನ್ನೂ ಜಾಸ್ತಿ, 28 ಗ್ರಾಂಗೆ ಸುಮಾರು 5 ಗ್ರಾಂ. ಅದನ್ನೂ ಪುಡಿ ಮಾಡಿದರೆ ಹೆಚ್ಚು ದಕ್ಕುತ್ತದೆ.

ಹೆಜ್ಜೆ 3: ಮೀನು, ಅಥವಾ ಪಾಚಿಯ ಎಣ್ಣೆ

ಎಎಲ್‌ಎ ಸಿಕ್ಕಿದರೆ ಕೆಲಸ ಮುಗಿಯಿತಾ? ಪೂರ್ತಿ ಇಲ್ಲ. ದೇಹ ಅದರಿಂದ ಇನ್ನೂ ಉದ್ದನೆಯ ಎರಡು ಕೊಬ್ಬಿನಾಮ್ಲ ಮಾಡಿಕೊಳ್ಳಬೇಕು, ಇಪಿಎ ಮತ್ತು ಡಿಎಚ್‌ಎ. ಮಿದುಳಿನ ಜೀವಕೋಶಗಳ ಪೊರೆಯಲ್ಲಿ, ಕಣ್ಣಿನ ರೆಟಿನಾದಲ್ಲಿ ತುಂಬಿರುವುದು ಡಿಎಚ್‌ಎ. ದೇಹಕ್ಕೆ ಈ ಕೆಲಸ ಗೊತ್ತು, ಆದರೆ ತೀರಾ ನಿಧಾನ. ತಿಂದ ಎಎಲ್‌ಎಯಲ್ಲಿ ಚಿಕ್ಕ ಪಾಲು ಇಪಿಎ ಆಗುತ್ತದೆ, ಡಿಎಚ್‌ಎವರೆಗೆ ಮುಟ್ಟುವುದು ಅದಕ್ಕಿಂತಲೂ ಕಡಿಮೆ. ಹರೆಯದ ಹೆಂಗಸರ ದೇಹ ಈ ಕೆಲಸವನ್ನು ಗಂಡಸರಿಗಿಂತ ಚೆನ್ನಾಗಿ ಮಾಡುತ್ತದೆ, ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಅದಕ್ಕೆ ಕಾರಣವಿರಬಹುದು.

ಹಾಗಾಗಿ ಇವನ್ನು ನೇರವಾಗಿಯೇ ತಿನ್ನುವುದು ಒಳ್ಳೆಯದು. ದೊಡ್ಡವರಿಗೆ ಎರಡೂ ಸೇರಿ ದಿನಕ್ಕೆ 250 ಮಿಲಿಗ್ರಾಂ ಸಾಕು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಬಸುರಿಯರು ಮತ್ತು ಹಾಲೂಡಿಸುವವರು ಇದರ ಮೇಲೆ 100ರಿಂದ 200 ಮಿಲಿಗ್ರಾಂ ಡಿಎಚ್‌ಎ ಸೇರಿಸಿಕೊಳ್ಳಬೇಕು.

ಮೀನು ತಿನ್ನುವವರಿಗೆ ದಾರಿ ಸುಲಭ. ವಾರಕ್ಕೆ ಎರಡು ಸಲ ಕೊಬ್ಬಿರುವ ಮೀನು ತಿನ್ನಿ. ಬಂಗುಡೆ, ಬೂತಾಯಿ, ಸಾಲ್ಮನ್, ಹೆರಿಂಗ್, ಯಾವುದಾದರೂ ಸರಿ. ಚಿಕ್ಕ ಮೀನುಗಳ ಆಯಸ್ಸು ಕಡಿಮೆ, ಅವುಗಳ ಮೈಯಲ್ಲಿ ಪಾದರಸ ಸೇರಿಕೊಳ್ಳುವುದೂ ಕಡಿಮೆ. ಶಾರ್ಕ್, ಸ್ವೋರ್ಡ್‌ಫಿಶ್‌ನಂಥ ದೊಡ್ಡ ಬೇಟೆಗಾರ ಮೀನುಗಳನ್ನು ಬಸುರಿಯರು ಮತ್ತು ಮಕ್ಕಳು ತಿನ್ನಬಾರದು. ಬೇಯಿಸಿದರೆ, ಹಬೆಯಲ್ಲಿಟ್ಟರೆ, ಸಾರು ಮಾಡಿದರೆ ಮೀನಿನ ಕೊಬ್ಬು ಬಹುಪಾಲು ಉಳಿಯುತ್ತದೆ. ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಮೀನಿನ ಕೊಬ್ಬು ಒಂದಿಷ್ಟು ಬಾಣಲೆಗೆ ಹೋಗಿ, ಬಾಣಲೆಯ ಎಣ್ಣೆ ಮೀನಿಗೆ ಬರುತ್ತದೆ.

ಸಸ್ಯಾಹಾರಿಗಳು ಬೇಸರ ಮಾಡಿಕೊಳ್ಳಬೇಡಿ. ಮೀನು ಕೂಡ ಡಿಎಚ್‌ಎಯನ್ನು ಹೆಚ್ಚಾಗಿ ತಾನೇ ಮಾಡಿಕೊಳ್ಳುವುದಿಲ್ಲ. ಸಮುದ್ರದ ಸೂಕ್ಷ್ಮ ಪಾಚಿಗಳು ಅದನ್ನು ಮಾಡುತ್ತವೆ, ಪಾಚಿಯನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ಆ ಪಾಚಿಯನ್ನೇ ತೊಟ್ಟಿಗಳಲ್ಲಿ ಬೆಳೆಸಿ ತೆಗೆದ ಎಣ್ಣೆ ಕ್ಯಾಪ್ಸೂಲ್ ರೂಪದಲ್ಲಿ ಸಿಗುತ್ತದೆ. ಹೊರಕವಚ ಜೆಲಟಿನ್‌ದಾ ಅಥವಾ ಗಿಡದ ಮೂಲದ್ದಾ ಎಂದು ಲೇಬಲ್‌ನಲ್ಲಿ ನೋಡಿಕೊಳ್ಳಿ, ಅಷ್ಟೆ.

ಹೆಜ್ಜೆ 4: ಕ್ಯಾಪ್ಸೂಲ್ ಕೊಳ್ಳುವುದಾದರೆ ಹಿಂಬದಿ ತಿರುಗಿಸಿ

ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ "1000 ಮಿಲಿಗ್ರಾಂ ಮೀನೆಣ್ಣೆ" ಅಂತ ಇರುತ್ತದೆ. ಅದು ಎಣ್ಣೆಯ ಒಟ್ಟು ತೂಕ. ಡಬ್ಬಿ ತಿರುಗಿಸಿ, ಚಿಕ್ಕ ಅಕ್ಷರ ಓದಿ. ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಇಪಿಎ 180, ಡಿಎಚ್‌ಎ 120 ಮಿಲಿಗ್ರಾಂ ಎಂದಿರುತ್ತದೆ. ಕೂಡಿಸಿದರೆ 300. ಉಳಿದ 700 ಬೇರೆ ಕೊಬ್ಬು. ಆ ಅಂಕಿ ಒಂದು ಕ್ಯಾಪ್ಸೂಲ್‌ಗಾ ಎರಡಕ್ಕಾ ಎಂಬುದನ್ನೂ ನೋಡಿ. ಪಕ್ಕದಲ್ಲಿ "ಒಂದು ಬಾರಿಯ ಪ್ರಮಾಣ" ಎಂದು ಬರೆದಿರುತ್ತಾರೆ, ಬಹಳ ಜನ ಅಲ್ಲೇ ಎಡವುತ್ತಾರೆ. ಕಾಡ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಎ ಜೀವಸತ್ವ ಜಾಸ್ತಿ, ಬಸುರಿಯರಿಗೆ ಅದು ಬೇಡ.

ಕ್ಯಾಪ್ಸೂಲ್ ನುಂಗಿದರೆ ಹೃದಯಾಘಾತ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2018ರಲ್ಲಿ ಪ್ರಕಟವಾದ ವೈಟಲ್ ಎಂಬ ದೊಡ್ಡ ಪ್ರಯೋಗದಲ್ಲಿ 25,871 ಜನರಿದ್ದರು. ಅರ್ಧ ಜನರಿಗೆ ದಿನಾ 1 ಗ್ರಾಂ ಒಮೆಗಾ-3 ಕೊಟ್ಟು ಸುಮಾರು ಐದು ವರ್ಷ ನೋಡಿದರು. ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದ ಸಾವು, ಇವೆಲ್ಲ ಸೇರಿದ ಲೆಕ್ಕದಲ್ಲಿ ಹೇಳಿಕೊಳ್ಳುವ ಇಳಿಕೆ ಕಾಣಲಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತುಂಬಾ ಏರಿದವರಿಗೆ ವೈದ್ಯರು ದಿನಕ್ಕೆ 4 ಗ್ರಾಂವರೆಗೆ ಬರೆದುಕೊಡುವುದುಂಟು. ಅದು ಔಷಧಿಯ ಲೆಕ್ಕ. ಅಷ್ಟು ಪ್ರಮಾಣದಲ್ಲಿ ಹೃದಯದ ಬಡಿತ ತಾಳ ತಪ್ಪುವ ಅಪಾಯವೂ ಸ್ವಲ್ಪ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಕೇಳದೆ ಶುರು ಮಾಡಲೇಬಾರದು.

ಬಸುರಿಯರ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಕಾಕ್ರೇನ್ ಸಂಸ್ಥೆ 2018ರಲ್ಲಿ 70 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. 34 ವಾರಕ್ಕೂ ಮುಂಚೆ ಆಗುವ ಹೆರಿಗೆ ಸಾವಿರಕ್ಕೆ 46 ಇದ್ದದ್ದು, ಒಮೆಗಾ-3 ತೆಗೆದುಕೊಂಡವರಲ್ಲಿ 27ಕ್ಕೆ ಇಳಿದಿತ್ತು. ಅಷ್ಟು ಬೇಗ ಹುಟ್ಟಿದ ಮಗುವನ್ನು ಹತ್ತಿರದಿಂದ ನೋಡಿದವರಿಗೆ ಈ ಅಂಕಿಯ ತೂಕ ಗೊತ್ತು. ಮನೆಯಲ್ಲಿ ಬಸುರಿ ಇದ್ದರೆ ಮುಂದಿನ ತಪಾಸಣೆಯಲ್ಲಿ ಡಿಎಚ್‌ಎ ಬಗ್ಗೆ ಮರೆಯದೆ ಕೇಳಿ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಮೊದಲು ಎಳೆ ಮಕ್ಕಳು. ತಾಯಿಯ ಹಾಲಿನಲ್ಲಿ ಎರಡೂ ಕೊಬ್ಬಿನಾಮ್ಲ ಇವೆ, ಡಿಎಚ್‌ಎ ಕೂಡ ಇದೆ. ತಾಯಿಯ ಊಟದಲ್ಲಿ ಎಷ್ಟಿದೆಯೋ ಹಾಲಿನಲ್ಲೂ ಅದಕ್ಕೆ ತಕ್ಕಂತೆ ಇರುತ್ತದೆ. ಹಿಂದೆ ಕೆನೆ ತೆಗೆದ ಹಾಲಿನ ಆಹಾರದಲ್ಲಿ ಬೆಳೆದ ಕೂಸುಗಳಿಗೆ ಚರ್ಮ ಒಣಗಿ, ದಪ್ಪಗಾಗಿ, ಸುಲಿಯುತ್ತಿತ್ತು. ಲಿನೋಲಿಯಿಕ್ ಆಮ್ಲ ಕೊಟ್ಟಾಗ ವಾಸಿಯಾಯಿತು. ಎರಡು ವರ್ಷ ತುಂಬುವವರೆಗೆ ಮಕ್ಕಳಿಗೆ ಕೊಬ್ಬು ಕಡಿಮೆ ಮಾಡುವ ಯೋಚನೆಯೇ ಬೇಡ.

ಕೊಬ್ಬು ಜೀರ್ಣವಾಗದ ಕಾಯಿಲೆ ಇರುವವರು, ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆ ಆದವರು, ಬಹಳ ದಿನ ರಕ್ತನಾಳದ ಮೂಲಕ ಆಹಾರ ಪಡೆಯುವವರು, ಎಣ್ಣೆ ಮತ್ತು ಬೀಜ ಎರಡನ್ನೂ ಬಿಟ್ಟು ಕಠಿಣ ಪಥ್ಯ ಮಾಡುವವರು ಕೂಡ ಈ ಗುಂಪಿಗೆ ಸೇರುತ್ತಾರೆ. ಚರ್ಮ ಹುರುಪೆ ಏಳುವುದು, ಕೂದಲು ಉದುರುವುದು, ಗಾಯ ಬೇಗ ಮಾಯದಿರುವುದು ಕೊರತೆಯ ಗುರುತುಗಳು. ಆದರೆ ಸುಮ್ನೆ ಚರ್ಮ ಒಣಗಿತು ಎಂದು ಇದೇ ಕಾರಣ ಅಂದುಕೊಳ್ಳಬೇಡಿ. ಚಳಿ, ಸೋಪು, ಥೈರಾಯ್ಡ್, ಹೀಗೆ ನೂರು ಕಾರಣ ಇರುತ್ತವೆ. ಅನುಮಾನ ಇದ್ದರೆ ವೈದ್ಯರು ರಕ್ತದಲ್ಲಿ ಕೊಬ್ಬಿನಾಮ್ಲಗಳ ಪರೀಕ್ಷೆ ಮಾಡಿಸಬಹುದು.

ಹೆಜ್ಜೆ 5: ಕೆಡದಂತೆ ಇಟ್ಟುಕೊಳ್ಳಿ

ಈ ಕೊಬ್ಬುಗಳ ಗುಣವೇ ಅವುಗಳ ದೌರ್ಬಲ್ಯ. ಗಾಳಿ, ಬೆಳಕು, ಬಿಸಿ, ಮೂರೂ ಇವಕ್ಕೆ ಆಗುವುದಿಲ್ಲ. ಆಮ್ಲಜನಕ ಸೇರಿಕೊಂಡು ಬೇಗ ಕಮಟುತ್ತವೆ. ಅಗಸೆ ಎಣ್ಣೆ ಎಷ್ಟು ಬೇಗ ಆಮ್ಲಜನಕ ಹಿಡಿಯುತ್ತದೆ ಅಂದರೆ ಗಾಳಿಗೆ ಒಡ್ಡಿದರೆ ಗಟ್ಟಿ ಪದರವೇ ಆಗುತ್ತದೆ. ಚಿತ್ರಕಾರರು ಬಣ್ಣಕ್ಕೆ, ಬಡಗಿಗಳು ಮರಕ್ಕೆ ಅದನ್ನು ಬಳಸುತ್ತಾ ಬಂದಿರುವುದು ಇದೇ ಗುಣಕ್ಕಾಗಿ.

ಅಗಸೆ ಎಣ್ಣೆಯನ್ನು ಒಲೆಯ ಮೇಲೆ ಇಡಲೇಬೇಡಿ. ಬೇಯಿಸಿ ಇಳಿಸಿದ ಮೇಲೆ ಒಂದು ಚಿಕ್ಕ ಚಮಚ ಮೇಲಿಂದ ಹಾಕಿಕೊಳ್ಳಿ. ಕಪ್ಪು ಬಾಟಲಿಯಲ್ಲಿರುವ ಚಿಕ್ಕ ಅಳತೆಯದ್ದನ್ನೇ ಕೊಳ್ಳಿ, ಫ್ರಿಜ್‌ನಲ್ಲಿಡಿ, ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆ ಬರೆಯಿರಿ. ಒಂದೂವರೆ ತಿಂಗಳೊಳಗೆ ಮುಗಿಸುವ ಹಾಗೆ ನೋಡಿಕೊಳ್ಳಿ. ಆಕ್ರೋಟು ಕೂಡ ಫ್ರಿಜ್‌ನಲ್ಲೇ ಇರಲಿ. ದಿನದ ಅಡುಗೆಯ ಎಣ್ಣೆಯನ್ನು ಒಲೆಯಿಂದ ದೂರ, ಬಿಸಿಲು ಬೀಳದ ಕಡೆ ಇಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಕೆಟ್ಟಿದೆಯಾ ಎಂದು ತಿಳಿಯಲು ಮೂಗೇ ಸಾಕು. ಒಳ್ಳೆಯ ಅಗಸೆಗೆ ಹುಲ್ಲಿನ ಹಾಗೆ, ಕಾಯಿಬೀಜದ ಹಾಗೆ ತಿಳಿಯಾದ ವಾಸನೆ ಇರುತ್ತದೆ. ಕೆಟ್ಟದ್ದು ಹೊಸದಾಗಿ ಬಣ್ಣ ಬಳಿದ ಬಾಗಿಲಿನ ಹಾಗೆ ನಾರುತ್ತದೆ, ನಾಲಿಗೆಗೆ ಕಹಿ. ಮೀನೆಣ್ಣೆ ಕ್ಯಾಪ್ಸೂಲ್ ಅನ್ನು ತಿಂಗಳಿಗೊಮ್ಮೆ ಕತ್ತರಿಸಿ ಮೂಸಿ ನೋಡಿ, ತಾಜಾ ಮೀನಿನ ವಾಸನೆ ಇದ್ದರೆ ಸರಿ, ಮೂಗಿಗೆ ಚುಚ್ಚುವ ಹಾಗಿದ್ದರೆ ಡಬ್ಬಿ ಎಸೆಯಿರಿ. ದುಡ್ಡು ಕೊಟ್ಟದ್ದು ಎಂದು ಉಳಿಸಿಕೊಳ್ಳಬೇಡಿ. ಇನ್ನೊಂದು ಎಚ್ಚರಿಕೆ. ಅಗಸೆ ಎಣ್ಣೆ ಚೆಲ್ಲಿ, ಬಟ್ಟೆಯಲ್ಲಿ ಒರೆಸಿದರೆ ಆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕ ಸೇರುವಾಗ ಹುಟ್ಟುವ ಬಿಸಿ ಉಂಡೆಯೊಳಗೆ ಕೂಡಿಕೊಂಡು ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಿದ್ದುಂಟು. ಕೂಡಲೇ ಸೋಪುನೀರಿನಲ್ಲಿ ಒಗೆದು, ಹರಡಿ ಒಣಗಿಸಿ.